ಒಂದೇ ಕಾಲರಿಗೆ ಎರಡು ಸಲ

ನಮ್ಮ ಅತ್ತಿಗೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಇಡೀ ಮಾರುಕಟ್ಟೆ ನಂಬಿದೆ. ನಾನು ನಂಬಿಲ್ಲ. ಅವಳ ಇಸ್ತ್ರಿ ಮೇಜಿಗೂ ನನ್ನ ಹೊಲಿಗೆ ಯಂತ್ರಕ್ಕೂ ನಡುವೆ ಇರುವುದು ಒಂದು ಮೊಳ ಜಾಗ. ಗಿರಾಕಿ ಬಂದು "ನನ್ನ ಪ್ಯಾಂಟು ಆಯ್ತೇನಮ್ಮ?" ಎಂದು ಕೇಳಿದರೆ, ಪ್ಯಾಂಟು ಇನ್ನೂ ಗಂಟಿನೊಳಗೆ ಮುದ್ದೆಯಾಗಿ ಬಿದ್ದಿದ್ದರೂ, "ಆಗ್ತಾ ಬಂತು, ಹಾಗೇ ಒಂದು ರೌಂಡು ಹೋಗಿ ಬನ್ನಿ" ಎನ್ನುತ್ತಾಳೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಆದರೆ ಕೈ ಮಾತ್ರ, ಆಗಲೇ ಇಸ್ತ್ರಿಯಾಗಿರುವ ಕಾಲರಿನ ಮೇಲೆ ಇನ್ನೊಂದು ಸಲ ಹೋಗಿ ಬರುತ್ತದೆ. ನಿಜ ಹೇಳುವಾಗ ಒಂದು ಕಾಲರಿಗೆ ಒಂದೇ ಸಲ. ಈ ಗುಟ್ಟು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ಅವಳು ನಮ್ಮಣ್ಣನ ಕೈಹಿಡಿದು ಬಂದಾಗ ಜೊತೆಗೆ ತಂದದ್ದು ಒಂದು ಬಟ್ಟೆಗಂಟು ಮತ್ತು ಅವರಪ್ಪ ಬಳಸುತ್ತಿದ್ದ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. "ಎಲ್ಲರ ಮನೆ ಸೊಸೆಯರು ಬಂಗಾರ ತಂದ್ರೆ ನಮ್ಮವಳು ಕಬ್ಬಿಣ ತಂದಳು" ಎಂದು ನಮ್ಮಮ್ಮ ಬದುಕಿರುವವರೆಗೂ ಮೂಗು ಮುರಿದಳು. ಅಮ್ಮನ ಔಷಧಿಯಿಂದ ಹಿಡಿದು ನನ್ನ ಹೊಲಿಗೆ ಯಂತ್ರದವರೆಗೆ ಎಲ್ಲವೂ ಬಂದದ್ದು ಆ ಕಬ್ಬಿಣದಿಂದಲೇ. ಅಮ್ಮ ಅದನ್ನು ಬಾಯಿಬಿಟ್ಟು ಒಪ್ಪಲಿಲ್ಲ, ನಾನು ಒಪ್ಪುತ್ತೇನೆ. ಗಂಡನ ಮನೆ ಬಿಟ್ಟು ನಾನು ವಾಪಸು ಬಂದು ನಿಂತಾಗ "ಎಷ್ಟು ದಿನ ಇರ್ತೀಯ?" ಎಂದು ಕೇಳದೆ ಇದ್ದವಳು ಮನೆಯಲ್ಲಿ ಅವಳೊಬ್ಬಳೇ. ಅಣ್ಣ ಸಹ ಕೇಳಿದ್ದ. ಸರಕಿನ ಗಾಡಿ ಓಡಿಸುವ ಅವನು ವರ್ಷಕ್ಕೆ ಆಡುವ ಮಾತೇ ಸ್ವಲ್ಪ, ಅದರಲ್ಲಿ ಒಂದನ್ನು ಇದಕ್ಕೆ ಖರ್ಚು ಮಾಡಿದ.

ಅತ್ತಿಗೆಯ ಮೇಜಿನ ಮೇಲೆ ಯಾವಾಗಲೂ ಎರಡು ರಾಶಿ ಇರುತ್ತವೆ. ಎಡಗಡೆ ಕೊಡೆ ಪಕ್ಷದವರ ಬಟ್ಟೆ, ಬಲಗಡೆ ಗಂಟೆ ಪಕ್ಷದವರದು. ಇದು ಅವಳು ಮಾಡಿದ ವ್ಯವಸ್ಥೆಯಲ್ಲ, ಗಿರಾಕಿಗಳ ಹಟ. ನಮ್ಮ ಊರಿನಲ್ಲಿ ಈ ಎರಡು ಪಕ್ಷದವರದು ಎಣ್ಣೆ ಸೀಗೆಕಾಯಿ ಸಂಬಂಧ. ಕೊಡೆಯವರು ಕುಳಿತ ಬೆಂಚಿನ ಮೇಲೆ ಗಂಟೆಯವರು ಕರವಸ್ತ್ರ ಹಾಸದೆ ಕುಳಿತುಕೊಳ್ಳುವುದಿಲ್ಲ. "ನನ್ನ ಅಂಗಿ ಆ ಮನುಷ್ಯನ ಅಂಗಿ ಮೇಲೆ ಇಡಬೇಡಮ್ಮ, ವಾಸನೆ ಹತ್ತತ್ತೆ" ಎಂದು ಕೊಡೆಯ ಮೇಷ್ಟ್ರು ಹೇಳಿದರು. ಅದೇ ಮಾತನ್ನು ಅದೇ ದಿನ ಸಂಜೆ ಗಂಟೆಯ ವಕೀಲರು ಹೇಳಿದರು. ಒಮ್ಮೆ ಇಬ್ಬರ ಬಿಳಿ ಅಂಗಿಗಳೂ ಅದಲುಬದಲಾಗಿ ಹೋದವು. ಒಂದು ಪ್ರಚಾರ ಸಭೆ ಪೂರ್ತಿ ಮೇಷ್ಟ್ರು ವಕೀಲರ ಅಂಗಿಯಲ್ಲಿ ನಿಂತು ವಕೀಲರನ್ನು ಬೈದರು. ಯಾರ ಮೂಗಿಗೂ ಯಾವ ವಾಸನೆಯೂ ಹತ್ತಲಿಲ್ಲ.

ಈ ಇಬ್ಬರೇ ಎರಡು ಪಕ್ಷಗಳ ಪ್ರಣಾಳಿಕೆ ಬರೆಯುವವರು. ಮೇಷ್ಟ್ರು ಶಾಲೆಯಿಂದ ನಿವೃತ್ತರಾದವರು, ವಕೀಲರು ಕೋರ್ಟಿಗೆ ಹೋಗುವುದನ್ನು ತಾವಾಗಿಯೇ ನಿಲ್ಲಿಸಿದವರು. ಊರಿಗೆ ಏನು ಬೇಕು ಎಂದು ಕೂತು ಯೋಚಿಸಿ ಪ್ರಣಾಳಿಕೆ ಬರೆಯುತ್ತಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗೇನೂ ಇಲ್ಲ. ಮೇಷ್ಟ್ರು ಬೆಳಿಗ್ಗೆ ಬಟ್ಟೆ ಕೊಡಲು ಬಂದು, ಆ ಕಡೆ ಈ ಕಡೆ ನೋಡಿ, "ಏನಮ್ಮ, ಅವರು ಏನಂತಾರೆ?" ಎಂದು ಮೆಲ್ಲಗೆ ಕೇಳುತ್ತಾರೆ. ಸಂಜೆ ವಕೀಲರು ಬಂದು ಅದನ್ನೇ ಕೇಳುತ್ತಾರೆ. ಅವರು ಪೂರ್ವಕ್ಕೆ ರಸ್ತೆ ಅಂದರೆ ಇವರು ಪಶ್ಚಿಮಕ್ಕೆ. ಇವರು ಹೆಚ್ಚು ಬಸ್ಸು ಅಂದರೆ ಅವರು ಹೊಗೆ ಮುಕ್ತ ಊರು. ಕೊನೆಗೆ ರಸ್ತೆಯೂ ಇಲ್ಲ, ಬಸ್ಸೂ ಇಲ್ಲ. ಹೊಗೆ ಮಾತ್ರ ಎರಡೂ ಪಕ್ಷದವರಿಗೆ ಸಮನಾಗಿ ಸಿಕ್ಕಿದೆ.

ಒಮ್ಮೆ ಅತ್ತಿಗೆ ವಕೀಲರನ್ನು ಕೇಳಿಯೇ ಬಿಟ್ಟಳು: "ಸಾರ್, ಚರಂಡಿ ಮುಚ್ಚಿಸ್ತೀವಿ ಅಂತ ಕೊಡೆಯವರು ಬರೆದಿದ್ದಾರೆ. ಒಳ್ಳೇದೇ ಅಲ್ವಾ? ನೀವೂ ಅದನ್ನೇ ಬರೆದ್ರೆ ಯಾರು ಗೆದ್ರೂ ಚರಂಡಿ ಮುಚ್ಚತ್ತೆ."

ವಕೀಲರು ನಿಟ್ಟುಸಿರುಬಿಟ್ಟರು. "ನನಗೂ ಗೊತ್ತಮ್ಮ ಒಳ್ಳೇದು ಅಂತ. ಹೋದ ಸಲ ದೀಪದ ವಿಷಯದಲ್ಲಿ ಹಾಗೇ ಬರೆದೆ. ನಮ್ಮ ಹುಡುಗರು ಮನೆ ಮುಂದೆ ಬಂದು, ಎಷ್ಟಕ್ಕೆ ಮಾರಿಕೊಂಡ್ರಿ ಅಂತ ಕೂಗಿದ್ರು. ನನ್ನ ಹೆಂಡತಿ ಇನ್ನೂ ಕೇಳ್ತಾಳೆ, ಎಷ್ಟಕ್ಕೆ ಅಂತ."

ಈಗ ಮೊಟ್ಟೆಯಕ್ಕನ ವಿಷಯಕ್ಕೆ ಬರಬೇಕು. ಅತ್ತಿಗೆಯ ಮೇಜಿನ ಎದುರಿಗೇ, ಓಣಿಯ ಆ ಬದಿ, ಮೊಟ್ಟೆಯ ತಟ್ಟೆಗಳನ್ನು ಎದೆಯೆತ್ತರ ಜೋಡಿಸಿಕೊಂಡು ಅವಳು ಕುಳಿತಿರುತ್ತಾಳೆ. ಅವಳು ಅತ್ತಿಗೆಯ 'ಜೋಡಿ'. ಮಾರುಕಟ್ಟೆಯ ಹೆಂಗಸರಲ್ಲಿ ಪ್ರತಿಯೊಬ್ಬಳಿಗೂ ಒಂದು ಜೋಡಿ ಇರುತ್ತದೆ, ಯಾಕೆಂದರೆ ನಮ್ಮ ಮಾರುಕಟ್ಟೆಯಲ್ಲಿ ಶೌಚಾಲಯ ಇರಲಿಲ್ಲ. ಗಂಡಸರಿಗೂ ಇರಲಿಲ್ಲ ಎನ್ನಿ, ಆದರೆ ಅವರಿಗೆ ಒಂದು ಗೋಡೆ ಸಿಕ್ಕರೆ ಸಾಕು, ಅದೂ ಎದುರು ಪಕ್ಷದ ಪೋಸ್ಟರ್ ಅಂಟಿಸಿದ ಗೋಡೆಯಾದರೆ ಇನ್ನೂ ಸಂತೋಷ. ನಾವು ಹಳೆ ಗೋದಾಮಿನ ಹಿಂದೆ, ಬಿದ್ದುಹೋದ ಗೋಡೆಯ ಮರೆಗೆ ಹೋಗಬೇಕಿತ್ತು. ಒಬ್ಬಳು ಒಳಗೆ, ಒಬ್ಬಳು ಕಾವಲು. ಜೋಡಿ ಎಂದರೆ ಅಷ್ಟೇ, ಆದರೆ ಅದು ಸಣ್ಣ ಸಂಬಂಧವಲ್ಲ. ಬೆನ್ನು ತಿರುಗಿಸಿ ನಿಂತು ಕಾಯುವವಳಿಗೆ ನಿಮ್ಮ ಕಾಯಿಲೆ ಕಸಾಲೆ, ಬಸಿರು, ಕಣ್ಣೀರು ಎಲ್ಲವೂ ಗೊತ್ತಿರುತ್ತದೆ. ನನ್ನ ಜೋಡಿ ಪಾತ್ರೆ ಅಂಗಡಿಯವಳು. ಗಂಡನ ಮನೆಯಲ್ಲಿ ನನಗೆ ಏನಾಯಿತು ಎಂದು ಅಣ್ಣನಿಗಿಂತ ಮೊದಲು ಹೇಳಿದ್ದು ಅವಳಿಗೆ.

ಮೊಟ್ಟೆಯಕ್ಕ ತಟ್ಟೆಯ ಅಂಚನ್ನು ಉಗುರಿನಿಂದ ಟಕಟಕ ಎನಿಸಿದರೆ ಅತ್ತಿಗೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಾಳೆ. ಇಬ್ಬರೂ ಹೊರಡುತ್ತಾರೆ. ಮಾತು ಬೇಕಿಲ್ಲ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಆದರೆ ಮೊಟ್ಟೆಯಕ್ಕ ಗಂಟೆ ಪಕ್ಷದ ಕಟ್ಟಾಳು. ಅದಕ್ಕೆ ಕಾರಣ ಇದೆ, ನಗಬೇಡಿ. ಅವಳ ಗಂಡ ಸತ್ತ ದಿನ ಹೆಣಕ್ಕೆ ಹೆಗಲು ಕೊಡಲು ಬಂದವರು ಗಂಟೆಯವರು. ಅದೇ ಹೊತ್ತಿಗೆ ಕೊಡೆಯವರು ತಮ್ಮ ಗೆಲುವಿನ ಮೆರವಣಿಗೆಯನ್ನು ಅದೇ ಬೀದಿಯಲ್ಲಿ ತಂದರು. ಹೆಣ ನಿಂತು ದಾರಿ ಬಿಡಬೇಕಾಯಿತು. ಅದನ್ನು ಅವಳು ಮರೆತಿಲ್ಲ, ಮರೆಯಬೇಕು ಎಂದು ಹೇಳಲು ನನಗೂ ಬಾಯಿ ಬರುವುದಿಲ್ಲ.

ಆ ವರ್ಷ ಚುನಾವಣೆ ಹತ್ತಿರ ಬಂದಾಗ ಮೊಟ್ಟೆಯಕ್ಕ ಮತ್ತೆ ಜ್ವರ ಬಂದು ಮಲಗಿದಳು. ಅದೇ ಹಳೆಯ ತೊಂದರೆ, ಉರಿಮೂತ್ರ. ಸೋಂಕು ಈ ಸಲ ಮೂತ್ರಪಿಂಡದವರೆಗೆ ಏರಿದೆ ಎಂದು ಡಾಕ್ಟರಮ್ಮ ಬೈದರು. "ನೀರು ಕುಡೀರಿ ಅಂತ ಎಷ್ಟು ಸಲ ಹೇಳ್ಬೇಕು? ಇನ್ನೊಂದು ಸಲ ಹೀಗಾದ್ರೆ ಆಸ್ಪತ್ರೆಯಲ್ಲೇ ಮನೆ ಮಾಡ್ಬೇಕಾಗತ್ತೆ."

"ಕುಡಿಯೋದು ಸುಲಭ ಡಾಕ್ಟ್ರೇ, ಕುಡಿದದ್ದನ್ನ ಎಲ್ಲಿಗೆ ತಗೊಂಡು ಹೋಗ್ಲಿ?" ಎಂದಳು ಮೊಟ್ಟೆಯಕ್ಕ.

ಜೊತೆಗೆ ಹೋಗಿದ್ದವಳು ಅತ್ತಿಗೆ. ಅಂಗಡಿಗೆ ಬಂದು ಕೆಂಡ ತುಂಬುವಾಗ ಪೆಟ್ಟಿಗೆಯ ಮುಚ್ಚಳವನ್ನು ಬಡಿದ ರೀತಿಯಲ್ಲೇ ನನಗೆ ಅವಳ ಸಿಟ್ಟು ತಿಳಿಯಿತು. ಅವಳೇನು ಕೇಳದೆ ಇದ್ದವಳಲ್ಲ. ಎರಡೂ ಪಕ್ಷದವರ ಹತ್ತಿರ ಶೌಚಾಲಯ ಕಟ್ಟಿಸಿ ಎಂದು ಕೇಳಿ ಕೇಳಿ ಅವಳ ಬಾಯಿ ಸವೆದಿತ್ತು. ಮೇಷ್ಟ್ರು "ನೋಡೋಣ" ಎಂದಿದ್ದರು. ವಕೀಲರು "ಖಂಡಿತ ನೋಡೋಣ" ಎಂದಿದ್ದರು. ವ್ಯತ್ಯಾಸ ಅಷ್ಟೇ.

"ನೇರವಾಗಿ ಕೇಳಿದ್ರೆ ಇವರಿಗೆ ಕಿವಿ ಕೇಳಿಸಲ್ಲ" ಎಂದಳು ಅತ್ತಿಗೆ, ನನಗೋ ಪೆಟ್ಟಿಗೆಗೋ ತಿಳಿಯದಂತೆ.

ಕೆಲವು ದಿನಗಳ ಮೇಲೆ ಮೊಟ್ಟೆಯಕ್ಕ ಸುಧಾರಿಸಿಕೊಂಡು ವ್ಯಾಪಾರಕ್ಕೆ ಬಂದಳು. ಅಂದು ಬೆಳಿಗ್ಗೆ ಮೇಷ್ಟ್ರು ಬಂದರು. ಎಂದಿನಂತೆ ಬಗ್ಗಿ, "ಏನಮ್ಮ, ಅವರು ಏನಂತಾರೆ?" ಎಂದರು.

"ಏನೋ ಸಾರ್, ನನಗೇನು ಗೊತ್ತು" ಎಂದಳು ಅತ್ತಿಗೆ. ಒಂದು ಕಾಲರು ಮುಗಿಸಿದಳು. "ಮಾರ್ಕೆಟ್ಟಲ್ಲಿ ಹೆಂಗಸರಿಗೆ ಟಾಯ್ಲೆಟ್ಟು ಬೇಡವೇ ಬೇಡ ಅಂತ ಬರೀತಾರಂತಪ್ಪ. ಕೊಡೆಯವರಿಗೆ ಬೇಕು ಅನ್ನೋ ಧೈರ್ಯ ಎಲ್ಲಿದೆ ಅಂತ ನಗ್ತಿದ್ರಂತೆ." ಕೈ ಅದೇ ಕಾಲರಿಗೆ ವಾಪಸು ಹೋಯಿತು.

ಮೇಷ್ಟ್ರ ಕಿವಿ ನಿಮಿರಿತು. "ಬೇಡವೇ ಬೇಡ ಅಂದ್ರಾ? ತಾಯಂದಿರಿಗೆ ಬೇಡ ಅಂದ್ರಾ?" ತಾಯಂದಿರ ನೆನಪು ಅವರಿಗೆ ಅಂದೇ ಮೊದಲು ಬಂದದ್ದು. ಕೊಡಲು ತಂದಿದ್ದ ಬಟ್ಟೆಯನ್ನು ಕಂಕುಳಲ್ಲಿ ಹಾಗೇ ಇಟ್ಟುಕೊಂಡು ಓಡಿದರು. ವಾರ ಕಳೆಯುವುದರೊಳಗೆ ಕೊಡೆ ಪಕ್ಷದ ಪ್ರಣಾಳಿಕೆ ಹೊರಬಿತ್ತು. ಮೊದಲನೇ ಭರವಸೆ: ಮಾರುಕಟ್ಟೆಯಲ್ಲಿ ಮಹಿಳೆಯರಿಗೆ ಶೌಚಾಲಯ. ಉಳಿದದ್ದೆಲ್ಲ ಎಂದಿನ ರಸ್ತೆ, ಎಂದಿನ ಬಸ್ಸು. ಗಂಟೆಯವರು ಬೇಡ ಅಂದಿದ್ದಾರೆ ಎಂದು ಮೇಷ್ಟ್ರು ಊರೆಲ್ಲ ಸಾರಿದರು.

ಅತ್ತಿಗೆ ಆ ದಿನ ಒಳಗೊಳಗೇ ಹಿಗ್ಗಿದ್ದಳು. ಅವಳು ಮಾಡಿದ ತಪ್ಪು ಏನೆಂದು ನನಗೆ ಆಗಲೇ ಹೊಳೆದಿತ್ತು, ಆದರೆ ಹಿಗ್ಗಿದ ಮುಖಕ್ಕೆ ನೀರೆರಚಲು ಮನಸ್ಸಾಗಲಿಲ್ಲ. ಸುಳ್ಳನ್ನು ಅವಳು ತಪ್ಪು ಗಿರಾಕಿಗೆ ಹೇಳಿದ್ದಳು. ಸಂಜೆಯವರೆಗೆ ಕಾದು ವಕೀಲರಿಗೆ ಹೇಳಿದ್ದರೆ ಶೌಚಾಲಯ ಗಂಟೆಯವರದಾಗುತ್ತಿತ್ತು. ಮೊಟ್ಟೆಯಕ್ಕ ನಗುನಗುತ್ತಾ ಒಳಗೆ ಹೋಗುತ್ತಿದ್ದಳು.

ಆಮೇಲೆ ಕೇಳಿದಾಗ, "ಉಚ್ಚೆಗೆ ಯಾವ ಪಕ್ಷವೇ?" ಎಂದು ನನ್ನನ್ನೇ ಗದರಿದಳು. ಇಷ್ಟು ವರ್ಷ ಎರಡು ರಾಶಿ ಜೋಡಿಸಿದವಳಿಗೆ ಅದು ಗೊತ್ತಿರಬೇಕಿತ್ತು.

ಪ್ರಣಾಳಿಕೆ ಹೊರಬಿದ್ದ ದಿನ ಸಂಜೆ ವಕೀಲರು ಬೆವರುತ್ತಾ ಬಂದರು. "ಅಲ್ಲಮ್ಮ, ನಾವು ಯಾವಾಗ ಬೇಡ ಅಂದ್ವಿ? ಯಾರು ಹುಟ್ಟಿಸಿದ್ರು ಇದನ್ನ? ನಾಳೆನೇ ಸ್ಪಷ್ಟನೆ ಕೊಡ್ತೀನಿ, ನಮಗೂ ಬೇಕು ಅಂತ."

ಕೊಡಲು ಆಗಲಿಲ್ಲ. ಅವರು ಸ್ಪಷ್ಟನೆ ಬರೆಯುವುದರೊಳಗೆ ಅವರ ಹುಡುಗರು "ಬೇಡ! ಬೇಡ!" ಎಂದು ಬೀದಿಗಿಳಿದಿದ್ದರು. ಕೊಡೆಯವರು ಬೇಕು ಎಂದ ಮೇಲೆ ಬೇಡ ಎನ್ನಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಾರುಕಟ್ಟೆ ನಾರುತ್ತದೆ ಎಂದರು, ಈಗ ಘಮಘಮ ಎನ್ನುತ್ತಿದ್ದ ಹಾಗೆ. ವ್ಯಾಪಾರ ಹಾಳಾಗುತ್ತದೆ ಎಂದರು. ಕೊನೆಗೆ ವಕೀಲರು ಎಲ್ಲವನ್ನೂ ಒಂದು ಸಾಲಿಗೆ ಇಳಿಸಿ ಗಂಟೆ ಪಕ್ಷದ ಪ್ರಣಾಳಿಕೆಯ ನೆತ್ತಿಯ ಮೇಲೆ ಕೂರಿಸಿದರು: 'ಮಾರುಕಟ್ಟೆಯ ಮಹಿಳೆಗೆ ಬೇಕಿರುವುದು ಗೌರವ, ಶೌಚಾಲಯವಲ್ಲ.' ಅತ್ತಿಗೆಯ ಸುಳ್ಳು ಹೀಗೆ ಅಕ್ಷರಶಃ ನಿಜವಾಯಿತು.

ಆ ಸಾಲು ಬರೆದ ಬೋರ್ಡನ್ನು ಎತ್ತಿಹಿಡಿದು ಗಂಟೆಯವರ ಮೆರವಣಿಗೆಯ ಮುಂದಿನ ಸಾಲಿನಲ್ಲಿ ನಡೆದವಳು ಮೊಟ್ಟೆಯಕ್ಕ. ಬೆಳಗಿನಿಂದ ಗೋದಾಮಿನ ಹಿಂದೆ ಹೋಗಿರಲಿಲ್ಲವೆಂದು ಅವಳ ನಡಿಗೆಯೇ ಹೇಳುತ್ತಿತ್ತು. ನಮ್ಮ ಮುಂದೆ ಹಾದು ಹೋಗುವಾಗ ಅತ್ತಿಗೆಯ ಕಡೆ ನೋಡಲಿಲ್ಲ. ನನಗೆ ಮೈ ಉರಿದುಹೋಯಿತು.

ಮಾರುಕಟ್ಟೆಯ ಜೋಡಿಗಳು ಒಡೆದವು. ಕೊಡೆಯವಳು ಕೊಡೆಯವಳನ್ನು, ಗಂಟೆಯವಳು ಗಂಟೆಯವಳನ್ನು ಹುಡುಕಿಕೊಂಡಳು. ನನ್ನ ಪಾತ್ರೆ ಅಂಗಡಿಯವಳು ಒಂದು ದಿನ ಬಂದು, "ಬೇಜಾರು ಮಾಡ್ಕೋಬೇಡಮ್ಮ, ನಮ್ಮೆಜಮಾನ್ರು ಬೇರೆ ಯಾರ ಜೊತೆನಾದ್ರೂ ಹೋಗು ಅಂತಾರೆ" ಎಂದಳು. ಅವಳ ಯಜಮಾನರು ಆ ಗೋದಾಮಿನ ಹಿಂದೆ ಒಂದು ದಿನವಾದರೂ ಕಾವಲು ನಿಂತವರೇ? ಬೈಯಬೇಕು ಎಂದುಕೊಂಡೆ, ಅಳು ಬಂತು, ಹೊಲಿಗೆ ಯಂತ್ರ ಜೋರಾಗಿ ತುಳಿದೆ.

ಅತ್ತಿಗೆ ಮತ್ತು ಮೊಟ್ಟೆಯಕ್ಕ ಮಾತ್ರ ಮಾತು ಬಿಟ್ಟರೇ ಹೊರತು ಜೋಡಿ ಬಿಡಲಿಲ್ಲ. ತಟ್ಟೆಯ ಅಂಚು ಟಕಟಕ ಎನ್ನುತ್ತಿತ್ತು, ಪೆಟ್ಟಿಗೆ ನೆಟ್ಟಗೆ ನಿಲ್ಲುತ್ತಿತ್ತು. ಮುಖ ಊದಿಸಿಕೊಂಡ ಇಬ್ಬರು, ಒಬ್ಬರ ಹಿಂದೊಬ್ಬರು ಹೋಗಿ ಬರುತ್ತಿದ್ದರು.

ಕೊಡೆಯವರು ಗೆದ್ದರು. ಭರವಸೆಯನ್ನು ಗಾಳಿಗೆ ತೂರುತ್ತಾರೆ ಎಂದೇ ನಾನು ಬಗೆದಿದ್ದೆ, ಆದರೆ ಶೌಚಾಲಯ ನಿಜವಾಗಿಯೂ ಎದ್ದಿತು. ಹೆಂಗಸರ ಮೇಲಿನ ಕನಿಕರದಿಂದಲ್ಲ. ಕಟ್ಟದಿದ್ದರೆ ಗಂಟೆಯವರು ಖುಷಿಪಡುತ್ತಾರಲ್ಲ ಎನ್ನುವ ಸಂಕಟದಿಂದ. ಅಚ್ಚುಕಟ್ಟಾದ ಕಟ್ಟಡ, ಒಳಗಿನಿಂದ ಚಿಲಕ, ನಲ್ಲಿಯಲ್ಲಿ ನೀರು. ಬಾಗಿಲ ಮೇಲೆ ಮಾತ್ರ ಒಂದು ಆಳೆತ್ತರದ ಕೊಡೆಯ ಚಿತ್ರ.

"ಆ ಕೊಡೆ ಕೆಳಗೆ ನಾನು ತಲೆ ಬಗ್ಗಿಸಲ್ಲ" ಎಂದು ಮೊಟ್ಟೆಯಕ್ಕ ಗಾಳಿಯಲ್ಲಿ ಹೇಳಿದಳು. ತಟ್ಟೆ ಟಕಟಕ ಎನಿಸಿ ಗೋದಾಮಿನ ಕಡೆ ಹೊರಟಳು. ಅತ್ತಿಗೆ ಪೆಟ್ಟಿಗೆ ನಿಲ್ಲಿಸಿ ಹಿಂದೆ ಹೋದಳು. ಮರುದಿನವೂ ಹೋದಳು. ನಾನು ಹೊಸ ಶೌಚಾಲಯದಲ್ಲಿ ರಾಣಿಯ ಹಾಗೆ ಚಿಲಕ ಹಾಕಿಕೊಂಡು ಬರುತ್ತಿದ್ದರೆ, ಅದನ್ನು ಕಟ್ಟಿಸಿದವಳು ಬಿದ್ದ ಗೋಡೆಯ ಹಿಂದೆ ಕಾವಲು ನಿಂತಿರುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ನಿನಗೇನು ಬಂದಿದೆ ಅತ್ತಿಗೆ? ಅವಳಿಗೆ ಹಟ, ನಿನಗೇನು? ನೀನಾದ್ರೂ ಒಳಗೆ ಹೋಗು."

"ಅವಳನ್ನ ಒಬ್ಬಳೇ ಕಳಿಸ್ಲಾ? ಬೇರೆ ಹೆಂಗಸರೆಲ್ಲ ಇಲ್ಲಿಗೆ ಬರ್ತಾರೆ. ಆ ಕಡೆ ಈಗ ನರಪಿಳ್ಳೆ ಇರಲ್ಲ. ಸುಮ್ನಿರೇ."

ಗಂಟೆಯ ಉಳಿದ ಹೆಂಗಸರು ಏನು ಮಾಡಿದರು ಎನ್ನುತ್ತೀರಾ? ತಲೆಯ ಮೇಲೆ ಸೆರಗು ಹಾಕಿಕೊಂಡು, ಯಾರೂ ನೋಡದ ಹೊತ್ತಿಗೆ ಒಬ್ಬೊಬ್ಬರೇ ನುಗ್ಗಿ ಬರುತ್ತಿದ್ದರು. ಬೋರ್ಡು ಹಿಡಿದು ಮುಂದೆ ನಡೆದವಳಿಗೆ ಮಾತ್ರ ಆ ಅನುಕೂಲ ಇರಲಿಲ್ಲ. ಅವಳ ಮುಖ ಎಲ್ಲರಿಗೂ ಗೊತ್ತಿತ್ತು.

ಬಿಸಿಲು ಏರಿತು. ಮೊಟ್ಟೆಯಕ್ಕ ಮತ್ತೆ ನೀರು ಕುಡಿಯುವುದನ್ನು ಬಿಟ್ಟಳು, ಮತ್ತೆ ಜ್ವರ ಬಂತು. ಈ ಸಲ ಆಸ್ಪತ್ರೆಯಲ್ಲೇ ಮಲಗಿಸಿಕೊಂಡರು. ವಾಪಸು ಬಂದಾಗ ಅವಳು ಕುಳಿತರೆ ಮೊಟ್ಟೆಯ ತಟ್ಟೆಗಳ ಹಿಂದೆ ಕಾಣಿಸುತ್ತಲೇ ಇರಲಿಲ್ಲ, ಅಷ್ಟು ಇಳಿದುಹೋಗಿದ್ದಳು. ಅವಳನ್ನು ನೋಡಿ ಅತ್ತಿಗೆಯ ಕಣ್ಣು ತುಂಬಿತು. ಕೆಂಡದ ಹೊಗೆ ಎಂದಳು.

ಮಧ್ಯಾಹ್ನ ತಟ್ಟೆ ಟಕಟಕ ಎಂದಿತು. ಅತ್ತಿಗೆ ಪೆಟ್ಟಿಗೆ ನಿಲ್ಲಿಸಲಿಲ್ಲ. ಬಗ್ಗಿಸಿದ ತಲೆ ಎತ್ತದೆ, ಬಹಳ ತಿಂಗಳ ಮೇಲೆ ಮೊದಲ ಮಾತಾಡಿದಳು.

"ಬೆಳಿಗ್ಗೆ ಮೇಷ್ಟ್ರು ಬಂದಿದ್ರು."

"ಬಂದ್ರೆ ನನಗೇನು?" ಎಂದಳು ಮೊಟ್ಟೆಯಕ್ಕ.

"ಏನಿಲ್ಲ. ಗಂಟೆಯವರ ಹೆಂಗಸರನ್ನ ಒಳಗೆ ಬಿಡಬಾರದು ಅಂತ ತೀರ್ಮಾನ ಆಗಿದೆಯಂತೆ. ಅದರಲ್ಲೂ ಆ ಮೊಟ್ಟೆಯವಳು ಬಂದ್ರೆ ಬಾಗಿಲಲ್ಲೇ ತಡೀಬೇಕು ಅಂದ್ರಂತೆ."

ಮೇಷ್ಟ್ರು ಬೆಳಿಗ್ಗೆ ಬಂದಿರಲಿಲ್ಲ. ಗೆದ್ದ ಮೇಲೆ ಅವರು ಬಟ್ಟೆಯನ್ನು ಆಳಿನ ಕೈಯಲ್ಲಿ ಕಳಿಸುತ್ತಾರೆ. ಅತ್ತಿಗೆಯ ಕೈ ಒಂದೇ ಕಾಲರಿನ ಮೇಲೆ ಎರಡು ಸಲ ಹೋಯಿತು, ಮೂರನೇ ಸಲವೂ ಹೋಯಿತು.

ಮೊಟ್ಟೆಯಕ್ಕ ಎದ್ದು ನಿಂತಳು. ಅಷ್ಟು ಶಕ್ತಿ ಎಲ್ಲಿತ್ತೋ. "ತಡೀತಾರಾ? ಏನು, ಅವರಪ್ಪನ ಮನೆ ಆಸ್ತೀನಾ ಅದು? ನಾನು ತೆರಿಗೆ ಕಟ್ಟಲ್ವಾ? ಯಾವನು ತಡೀತಾನೋ ನೋಡೇ ಬಿಡ್ತೀನಿ!"

ಇಡೀ ಓಣಿಗೆ ಕೇಳಿಸುವಂತೆ ಕೂಗುತ್ತಾ ನಡೆದಳು. ಅಂಗಡಿಗಳಿಂದ ತಲೆಗಳು ಹೊರಬಂದವು. ಗಂಟೆಯವರು ಯಾರೋ "ಬಿಡಬೇಡಕ್ಕಾ, ನುಗ್ಗು!" ಎಂದು ಹುರಿದುಂಬಿಸಿದರು, ಬೇಡ ಬೇಡ ಎಂದಿದ್ದ ಅವೇ ಬಾಯಿಗಳು. ಬಾಗಿಲಲ್ಲಿ ಕುಳಿತಿದ್ದ ಸ್ವಚ್ಛತೆಯ ಹೆಂಗಸು, "ಬನ್ನಕ್ಕ, ನೆಲ ಒದ್ದೆ ಇದೆ, ನೋಡ್ಕೊಂಡು" ಎಂದಳು. ಜಗಳಕ್ಕೆ ಸಿದ್ಧವಾಗಿ ಹೋದವಳಿಗೆ ಅದು ಸಾಕಾಗಲಿಲ್ಲ. "ನಿನ್ನ ಉಪಚಾರ ಯಾರಿಗೆ ಬೇಕು!" ಎಂದು ಅವಳನ್ನೇ ಬೈದು ಒಳಗೆ ಹೋಗಿ ದಢಾರನೆ ಚಿಲಕ ಹಾಕಿಕೊಂಡಳು. ಹಿಂದೆಯೇ ಹೋದ ಅತ್ತಿಗೆ ಅಭ್ಯಾಸ ಬಲದಿಂದ ಬಾಗಿಲಿಗೆ ಬೆನ್ನು ತಿರುಗಿಸಿ ಕಾವಲು ನಿಂತಳು.

ಹೊರಗೆ ಬಂದ ಮೊಟ್ಟೆಯಕ್ಕ ನಲ್ಲಿಗೆ ಬೊಗಸೆಯೊಡ್ಡಿ ಹೊಟ್ಟೆ ತುಂಬಾ ನೀರು ಕುಡಿದಳು. ವಾಪಸು ಬಂದು ತನ್ನ ಜಾಗಕ್ಕೆ ಹೋಗದೆ ಅತ್ತಿಗೆಯ ಮೇಜಿನ ಕೆಳಗಿನ ಸ್ಟೂಲು ಎಳೆದು ಕುಳಿತಳು.

"ಚೆನ್ನಾಗಿದೆ" ಎಂದಳು. "ಯಾರಿಗೂ ಹೇಳಬೇಡ."

"ಇಲ್ಲ" ಎಂದಳು ಅತ್ತಿಗೆ.

"ಮೇಷ್ಟ್ರು ನಿಜವಾಗಲೂ ಬಂದಿದ್ರಾ?"

"ಬಂದಿದ್ರು." ಪೆಟ್ಟಿಗೆ ಮತ್ತೆ ಅದೇ ಕಾಲರಿಗೆ ಹೋಯಿತು.

"ಬಿಡೇ, ಆ ಕಾಲರು ಸುಟ್ಟುಹೋಗತ್ತೆ. ಚುನಾವಣೆಗೆ ಮುಂಚೆ ಮೇಷ್ಟ್ರ ಮುಂದೆ ನಿಂತು ಹೇಳ್ದಾಗಲೂ ಹೀಗೇ ಉಜ್ಜಿದ್ದೆ. ಎದುರಿಗೇ ಕೂತಿದ್ದೆ, ನಾನೇನು ಕುರುಡೀನಾ?"

ನನ್ನ ಯಂತ್ರ ತಾನಾಗಿಯೇ ನಿಂತಿತು. ಅತ್ತಿಗೆಯ ಕೈಯೂ ನಿಂತಿತು.

"ಗೊತ್ತಿತ್ತಾ? ಗೊತ್ತಿದ್ದೂ ಬೋರ್ಡು ಹಿಡ್ಕೊಂಡು ಹೋದ್ಯಲ್ಲೇ?"

"ಇನ್ನೇನು ಮಾಡ್ಲಿ? ನಮ್ಮ ಹುಡುಗರು ಬಂದು, 'ನಾವು ಬೇಡ ಅಂದ್ವಿ ಅಂತ ಯಾರು ಹುಟ್ಟಿಸಿದ್ದು? ನೀನು ಎದುರಿಗೇ ಇರ್ತೀಯಲ್ಲ, ಆ ಇಸ್ತ್ರಿಯವಳಾ?' ಅಂತ ಕೇಳಿದ್ರು. ಹೌದು ಅಂದಿದ್ರೆ ನಿನ್ನ ಮೇಜು ಉಳೀತಿತ್ತಾ? ಯಾರು ಹೇಳಿದ್ರೆ ಏನ್ರೋ, ನಮಗೆ ಬೇಡವೇ ಬೇಡ ಅಂತ ನಾನೇ ಮೊದಲು ಕೂಗಿದೆ. ಕೂಗಿದವಳ ಕೈಗೆ ಬೋರ್ಡು ಕೊಟ್ರು."

ಅತ್ತಿಗೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಅಷ್ಟು ತಿಂಗಳು ನಾನು ಆ ಹೆಂಗಸನ್ನು ಮನಸ್ಸಿನಲ್ಲಿ ಬೈದ ಬೈಗುಳಗಳೆಲ್ಲ ಸಾಲಾಗಿ ನೆನಪಾದವು.

"ಆಮೇಲೆ ಹಿಂದೆ ಬರೋಕೆ ದಾರಿ ಇರಲಿಲ್ಲ" ಎಂದಳು ಮೊಟ್ಟೆಯಕ್ಕ, ಕಣ್ಣೊರೆಸಿಕೊಂಡು. "ಯಾರಾದ್ರೂ ಒಳಗೆ ಬರಬೇಡ ಅಂತ ಅಡ್ಡ ನಿಂತ್ರೆ ಹೋಗಬಹುದಲ್ಲ ಅಂತ ಕಾಯ್ತಾ ಕೂತಿದ್ದೆ. ಇನ್ನೊಂದು ಸುಳ್ಳು ಹೊಳೆಯೋಕೆ ನಿನಗೆ ಇಷ್ಟು ದಿನ ಬೇಕಾಯ್ತೇನೇ?"